ತಾಜ್ ಬೀ ತಟ್ಟೆಗೆ ಮೂಳೆ ಬಂದದ್ದು

ಹಿರಿಯೂರಿನಲ್ಲಿ ಹಾಸಿಗೆ ಹೊಲಿಯುವವರ ಮನೆಗೆ ಸೊಸೆಯಾಗಿ ಬಂದ ತಾಜ್ ಬೀ ಹತ್ತಿಯ ಧೂಳಿನಲ್ಲೇ ಬಾಳು ಸವೆಸಿದವಳು. ದಬ್ಬಣ ಹಿಡಿದು ಕೂತಳೆಂದರೆ ಮದುವೆ ಹಾಸಿಗೆಯ ಅಂಚು ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಬಾಯಿಯೂ ದಬ್ಬಣದಷ್ಟೇ ಚುರುಕು. ಊಟದಲ್ಲಿ ಅವಳಿಗೆ ಒಂದೇ ಹುಚ್ಚು, ನಲ್ಲಿ ಮೂಳೆ. ತಟ್ಟೆಗೆ ಟಕ್ ಟಕ್ ಅಂತ ಬಡಿದು, ಒಳಗಿನ ಮಜ್ಜೆಯನ್ನು ಸುರ್ರೆಂದು ಹೀರಿ, ಆಮೇಲೂ ಬಿಡದೆ ಚೀಪುತ್ತಾ ಕೂರುವಳು. ಗಂಡ ಹಜರತ್ ಅಲಿ ಬದುಕಿದ್ದಷ್ಟು ದಿನ ತನ್ನ ಪಾಲಿನದನ್ನೂ ಅವಳ ತಟ್ಟೆಗೇ ಹಾಕುತ್ತಿದ್ದ.

ಅವನು ತೀರಿಕೊಂಡ ಮೇಲೆ ಸಕ್ಕರೆ ಕಾಯಿಲೆ ಬಂತು. ಮೊದಲು ಸೂಜಿಗೆ ದಾರ ಪೋಣಿಸುವಷ್ಟು ಕಣ್ಣನ್ನು ತಿಂದಿತು, ಆಮೇಲೆ ಮುಖ ಗುರುತಿಸುವಷ್ಟನ್ನೂ ಬಿಡಲಿಲ್ಲ. ಕತ್ತಲೆಗೆ ಇನ್ನೂ ಹೊಂದಿಕೊಳ್ಳುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ, ಮೂಳೆಯ ಚೂರೊಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಮಗ ಸಾದಿಕ್ ಅಂಗಡಿ ಬಾಗಿಲು ತೆರೆದೇ ಬಿಟ್ಟು ಆಟೋದಲ್ಲಿ ಆಸ್ಪತ್ರೆಗೆ ಹೊತ್ತೊಯ್ದ. ಜೀವಕ್ಕೇನೂ ಆಗಲಿಲ್ಲ. ಆದರೆ ಸೊಸೆ ಆಲಿಯಾ ಅವತ್ತೇ ಮನೆಯ ಈಳಿಗೆಮಣೆಯನ್ನು ಅಟ್ಟಕ್ಕೇರಿಸಿದಳು, ಚಾಕುವನ್ನು ಬಚ್ಚಿಟ್ಟಳು. ಅಂದಿನಿಂದ ತಾಜ್ ಬೀ ತಟ್ಟೆಗೆ ಬಿದ್ದದ್ದೆಲ್ಲ ಬಿಡಿಸಿದ್ದು, ಹೆಚ್ಚಿದ್ದು, ಕಿವುಚಿದ್ದು. ಬಾಳೆಹಣ್ಣನ್ನು ಕೂಡ ಸುಲಿದು ತುಂಡು ಮಾಡಿ ಕೊಡುತ್ತಿದ್ದಳು ಪುಣ್ಯಾತ್ಗಿತ್ತಿ.

ಆಲಿಯಾ ಅಪರಂಜಿಯಂಥ ಸೊಸೆ. ಬಿಸಿ ಮಾಂಸದಲ್ಲಿ ಬೆರಳು ಸುಟ್ಟುಕೊಂಡು ಎಳೆಎಳೆಯಾಗಿ ಮೂಳೆ ಬಿಡಿಸುವವಳ ಮೇಲೆ ಯಾವ ಬಾಯಲ್ಲಿ ದೂರು ಹೇಳುವುದು? ತಾಜ್ ಬೀ ಸುಮ್ಮನೆ ಉಣ್ಣುತ್ತಿದ್ದಳು. ಹೊಟ್ಟೆ ತುಂಬುತ್ತಿತ್ತು, ಉಂಡೆ ಅನ್ನಿಸುತ್ತಿರಲಿಲ್ಲ. ಇನ್ನುಳಿದ ಆಯುಷ್ಯವೆಲ್ಲ ಹಸುಗೂಸಿನ ಹಾಗೆ ತಿಂದೇ ಕಳೆಯಬೇಕಲ್ಲ ಎಂಬ ಸಂಕಟ ಒಳಗೊಳಗೇ ಕೊರೆಯುತ್ತಿತ್ತು.

ಪಕ್ಕದ ಮನೆಯ ಬಸಮ್ಮನದು ಬೇರೆಯೇ ಕಥೆ. ಅವಳ ಮರೆವು ಹರೆಯದಿಂದಲೂ ಕೇರಿಗೆಲ್ಲ ಗೊತ್ತಿದ್ದದ್ದು. ಸಾರಿಗೆ ಎರಡು ಸಲ ಉಪ್ಪು ಹಾಕುವಳು, ಹಾಲು ಒಲೆಯ ಮೇಲಿಟ್ಟು ಮಠಕ್ಕೆ ಹೋಗಿಬಿಡುವಳು. ಆಲಿಯಾ ಹೊಸದುರ್ಗದ ತವರಿಗೆ ಹೋಗಿದ್ದ ಒಂದು ದಿನ, ತುರುವನೂರಿನಿಂದ ಬೀಗರು ಬರುತ್ತಾರೆಂದು ಬಸಮ್ಮನ ಮನೆಯಲ್ಲಿ ಎಣ್ಣೆಗಾಯಿಯ ತಯಾರಿ. ಅವಳಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಬದನೆಕಾಯಿ ಬುಟ್ಟಿ, ಉಪ್ಪುನೀರಿನ ಪಾತ್ರೆ, ಮಾಂಸ ಸೋಕದ ತನ್ನ ಈಳಿಗೆಮಣೆ ಎಲ್ಲವನ್ನೂ ತಂದು ತಾಜ್ ಬೀ ಮುಂದೆ ಇಟ್ಟಳು.

"ಲೇ ತಾಜೂ, ನಂಗೆ ಕುಂತ್ಕಳಾಕೆ ಆಗಲ್ಲ ಕಣೇ. ಇವಿಷ್ಟು ಸೀಳಿಡು. ತೊಟ್ಟು ಬಿಡಿಸ್ಬೇಡ ಮತ್ತೆ. ಒಲೆ ಮ್ಯಾಲೆ ಬೇಳೆ ಐತೆ" ಅಂದವಳೇ ಹೋಗಿಬಿಟ್ಟಳು.

ತಾಜ್ ಬೀ ಕರೆದು ನೆನಪಿಸಬಹುದಿತ್ತು. ಕರೆಯಲಿಲ್ಲ. ಮಣೆಯ ಮೇಲೆ ಕಾಲೂರಿ ಕೂತು, ಅಲಗಿನ ಬೆನ್ನನ್ನು ಆಚೆಯಿಂದ ಮೆಲ್ಲಗೆ ಸವರಿ ಅದು ಎಲ್ಲಿದೆ, ಎಷ್ಟು ಬಾಗಿದೆ ಎಂದು ತಿಳಿದುಕೊಂಡಳು. ಮೊದಲ ಬದನೆಕಾಯಿಯನ್ನು ತೊಟ್ಟು ಹಿಡಿದು ಅಲಗಿಗೆ ಒತ್ತಿದಳು. ಚರ್ರೆಂದು ಸೀಳಿತು. ತಿರುಗಿಸಿ ಇನ್ನೊಂದು ಸೀಳು. ತುದಿ ನಾಲ್ಕಾಯಿತು, ಬುಡ ಒಂದಾಗಿಯೇ ಉಳಿಯಿತು. ನೀರಿಗೆ ಹಾಕಿದಳು. ಆಮೇಲೆ ಕೈ ತಡೆಯಲೇ ಇಲ್ಲ. ಹುಳ ಕೊರೆದದ್ದು ಬೆರಳಿಗೇ ಸಿಕ್ಕಿತು, ಅದನ್ನು ಬೇರೆ ಇಟ್ಟಳು.

ಬುಟ್ಟಿ ಬರಿದಾಗುವ ಹೊತ್ತಿಗೆ ಆಲಿಯಾ ಬಸ್ಸಿಳಿದು ಬಂದಳು. ಹೊಸಿಲಲ್ಲೇ ಚೀಲ ಕೈಬಿಟ್ಟಳು.

"ಅಮ್ಮಾ! ಏನ್ ಮಾಡ್ತಿದ್ದೀರಿ? ಈಳಿಗೆ ಯಾರ್ ಕೊಟ್ರು?"

ಅದೇ ಹೊತ್ತಿಗೆ ಬಂದ ಬಸಮ್ಮ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಶಿವನೇ, ನಿಂಗೆ ಕಣ್ ಕಾಣಲ್ಲ ಅನ್ನದೇ ಮರ್ತಿದ್ನಲ್ಲೇ!"

ತಾಜ್ ಬೀಗೆ ನಗು ಉಕ್ಕಿ ಬಂತು, ನಗುವಿನ ಜೊತೆಗೇ ಕಣ್ಣೀರೂ. ಎರಡೂ ಕೈಗಳನ್ನು ಸೊಸೆಯ ಕಡೆ ಚಾಚಿದಳು. "ನೋಡವ್ವ, ಒಂದು ಗೀರೂ ಇಲ್ಲ. ಈಳಿಗೆ ಇಟ್ಟಲ್ಲೇ ಇರ್ತೈತೆ, ಓಡಾಡದು ನನ್ ಕೈ. ನನ್ ಕೈ ಎಲ್ಲೈತೆ ಅಂತ ನಂಗೆ ಗೊತ್ತಿಲ್ವ?"

ಆಲಿಯಾ ಒಂದು ಬದನೆಕಾಯಿ ಎತ್ತಿ, ತಿರುಗಿಸಿ ನೋಡಿದಳು.

"ನೀನು ನನ್ನ ಹೆತ್ತ ಮಗಳಿಗಿಂತ ಚೆನ್ನಾಗಿ ನೋಡ್ಕಂತೀಯ" ಅಂದಳು ತಾಜ್ ಬೀ. "ಆ ಋಣ ನಾನು ತೀರಿಸಾಕೆ ಆಗಲ್ಲ. ಆದ್ರೆ ಈ ಭಾನುವಾರ ನಂಗೊಂದು ಮೂಳೆ ಹಾಕವ್ವ."

"ಮತ್ತೆ ಗಂಟ್ಲಾಗೆ ಸಿಕ್ಕಂಡ್ರೆ ಅಮ್ಮಾ?"

"ಅವತ್ತು ಅವಸರ ಮಾಡ್ದೆ. ಕಣ್ಣಿದ್ದೋರು ಅವಸರ ಮಾಡಿದ್ರೂ ಸಿಕ್ಕಂತೈತೆ."

ಭಾನುವಾರ ಬಂತು. ಸಾದಿಕ್ ಮಾಂಸ ತಂದ. ಆಲಿಯಾ ತಟ್ಟೆ ಇಟ್ಟು, ಅತ್ತೆಯ ಬೆರಳು ಹಿಡಿದು ಅಂಚಿಗೆ ಮುಟ್ಟಿಸಿದಳು. "ಅನ್ನ ನಿಮ್ ಕಡೆಗೈತೆ. ಬಲಕ್ಕೆ ನಲ್ಲಿ ಮೂಳೆ. ಈರುಳ್ಳಿ ಹೆಚ್ಚಿಲ್ಲ, ಇಡಿದೇ ಇಟ್ಟೀನಿ. ಈಳಿಗೆ ಎಡಕ್ಕೈತೆ." ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಎದುರಿಗೆ ಕೂತಳು.

ತಾಜ್ ಬೀ ಈರುಳ್ಳಿ ಹೆಚ್ಚಿಕೊಂಡಳು. ಮೂಳೆಯನ್ನು ಬೆರಳಲ್ಲಿ ಸುತ್ತ ಸವರಿ, ಚೂರೆದ್ದ ಕಡೆ ತಿಳಿದುಕೊಂಡು, ತಟ್ಟೆಗೆ ಬಡಿದಳು. ಟಕ್. ಟಕ್. ಮಜ್ಜೆ ನಾಲಿಗೆಗೆ ಜಾರಿತು. ಹಜರತ್ ಅಲಿ ಪಕ್ಕದಲ್ಲೇ ಕೂತಿದ್ದಾನೆ ಅನ್ನಿಸಿತು.

ಗೋಡೆಯಾಚೆಯಿಂದ ಬಸಮ್ಮ ಕೂಗಿದಳು. "ಲೇ ತಾಜೂ, ನಮ್ ಈಳಿಗೆಮಣೆ ಬೆಳಗ್ಗಿಂದ ಹುಡುಕ್ತಿದೀನಿ. ನೀನೇನಾರ ನೋಡಿದ್ಯೇನೇ?"

ಆಲಿಯಾ ಬಾಯಿಗೆ ಸೆರಗು ಒತ್ತಿಕೊಂಡಳು.

"ನೋಡ್ದೆ ಬಸಕ್ಕ, ನನ್ ಪಕ್ಕದಾಗೇ ಐತೆ. ಈರುಳ್ಳಿ ಹೆಚ್ಚೀನಿ, ತೊಳ್ದು ಕೊಡ್ತೀನಿ ತಡಿ" ಎಂದು ಕೂಗಿ ಹೇಳಿದಳು ತಾಜ್ ಬೀ.

ಉಂಡು ಮುಗಿಸಿ, ತಟ್ಟೆಯ ಮುಂದೆಯೇ ಕೈಯೆತ್ತಿ ದೇವರಿಗೆ ಶುಕ್ರ್ ಹೇಳಿದಳು. ಅನ್ನಕ್ಕೆ, ಮಗನಿಗೆ, ಸೊಸೆಗೆ. ಕೊನೆಗೆ ಇನ್ನೊಂದನ್ನೂ ಬೇಡಿಕೊಂಡಳು: ಯಾ ಅಲ್ಲಾ, ನಮ್ ಬಸಕ್ಕನ ಮರೆವು ಹಿಂಗೇ ಇರ್ಲಿ.