ತೊಳೆದಿಟ್ಟ ಗಟಾರ

ಕಮಲಾಪುರದಲ್ಲಿ ನನ್ನ ಅಕ್ಕನ ಮನೆ ಓಣಿಯ ತಗ್ಗಿನಲ್ಲಿದೆ. ಬಾಗಿಲ ಮುಂದೆ ಹಳೆಯ ಕಲ್ಲಿನ ಗಟಾರ, ಅದರ ಮೇಲೆ ಪರಸಿ ಕಲ್ಲು ಮುಚ್ಚಿದ್ದಾರೆ. ಜೋರು ಮಳೆ ಬಂದರೆ ಗಟಾರ ಉಕ್ಕಿ ನೀರು ಪಡಸಾಲೆಗೆ ನುಗ್ಗುತ್ತಿತ್ತು. ಆ ಪಡಸಾಲೆಯಲ್ಲೇ ಅಕ್ಕನ ಅತ್ತೆ ಮಲಗಿರುತ್ತಿದ್ದರು. ಸೊಂಟ ಮುರಿದ ಮೇಲೆ ಅವರು ತಾವಾಗಿ ಎದ್ದದ್ದಿಲ್ಲ. ಹೊಸ ಗಟಾರ ಆಗಲಪ್ಪಾ ಎಂದು ನಾನು ಲಿಂಗಪೂಜೆಗೆ ಕೂತಾಗಲೂ ಬೇಡಿಕೊಳ್ಳುತ್ತಿದ್ದೆ. ದೇವರ ಮುಂದೆಯೂ ಗಟಾರದ ಮಾತೇ ಎಂದು ನನ್ನ ಗಂಡ ನಗುತ್ತಿದ್ದರು. ದೇವರಿಗೆ ಯಾವ ಮಾತು ಮೈಲಿಗೆ?

ನನ್ನ ಮಗಳು ಇಲ್ಲೇ ಕಲಬುರಗಿಯಲ್ಲಿ, ಕೋಟೆಯ ಹತ್ತಿರ ಒಂದು ಸಣ್ಣ ಆಫೀಸಿನಲ್ಲಿ ಇಂಜಿನಿಯರ್. ಊರಿನ ಗಟಾರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಟ್ಟಿ, ಮಳೆ ಸುರಿಸಿ, ಯಾವುದು ತಾಳುತ್ತದೆ ಯಾವುದು ತಾಳುವುದಿಲ್ಲ ಎಂದು ನೋಡುವ ಕೆಲಸ. ಕಮಲಾಪುರದ ಕೆಲಸ ಅವಳ ಪಾಲಿಗೆ ಬಂತು. ತಾಳದ ಗಟಾರಗಳನ್ನಷ್ಟೇ ಒಡೆದು ಹೊಸದಾಗಿ ಕಟ್ಟುವುದೆಂದು ಮೊದಲೇ ಗೊತ್ತುಮಾಡಿದ್ದರು. ನನ್ನ ಪ್ರಾರ್ಥನೆ ಮುಟ್ಟಿತು ಎಂದುಕೊಂಡೆ.

ಅಳತೆಯ ದಿನ ನಾನೂ ಜೊತೆಗೆ ಹೋಗಿದ್ದೆ. ನಾವು ಬರುವ ಸುದ್ದಿ ಓಣಿಗೆ ಮುಂಚೆಯೇ ತಿಳಿದಿತ್ತು. ಬೀಗರು ಬರುತ್ತಾರೆಂದರೆ ಅಂಗಳ ಸಾರಿಸುವ ಮಂದಿ, ಗಟಾರ ನೋಡಲು ಬರುತ್ತಾರೆಂದರೆ ಬಿಡುತ್ತಾರೆಯೇ? ಪರಸಿ ಎತ್ತಿ, ಹೂಳೆಲ್ಲ ಬಾಚಿ, ನೀರು ಹೊಡೆದು ತೊಳೆದಿಟ್ಟಿದ್ದರು. ಅಂಚಿಗೆ ಯಾರೋ ರಂಗೋಲಿಯನ್ನೂ ಎಳೆದಿದ್ದರು. ತಳದ ಕಲ್ಲು ಕಾಣುತ್ತಿತ್ತು.

ಮಗಳಿಗೆ ಅನುಮಾನ ಬಂತು. "ದಿನಾ ಹಿಂಗೇ ಇರ್ತದೇನ್ ದೊಡ್ಡವ್ವ?"

"ಹಿಂಗೇ ಇರ್ತದವಾ," ಎಂದಳು ಅಕ್ಕ. "ನಮ್ಮ ಓಣಿ ಮಂದಿಗಿ ಏನಂತ ತಿಳಕೊಂಡೀ?" ಸುತ್ತ ನಿಂತವರೆಲ್ಲ ಹೌದೆಂದು ಗೋಣು ಹಾಕಿದರು. ಮನೆಮಗಳ ಮುಂದೆ ಓಣಿಯ ಹೊಲಸನ್ನು ಆಡಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ, ನನಗೂ.

ಅತ್ತೆ ಮಲಗಿದಲ್ಲಿಂದಲೇ ಮಗಳನ್ನು ಕರೆದರು. "ಏ ಹುಡುಗಿ, ಗಟಾರದ ಫೋಟೋ ಸಾಕು ಬಿಡು. ನಿಂದೊಂದು ಛಲೋ ಫೋಟೋ ತಗಸು, ನಾ ಇರೂದ್ರಾಗ ವರ ನೋಡ್ತೀನಿ."

"ಮೊದಲ ನಿನ್ನ ಗಟಾರದ್ದು ಆಗ್ಲಿ ಆಯಿ, ಆಮ್ಯಾಗ ನಂದು," ಎಂದಳು ಇವಳು.

ಮನೆಗೆ ಬಂದು, ನಾನು ರೊಟ್ಟಿ ಬಡಿಯುತ್ತಿದ್ದ ಕಡೆಯೇ ಕಂಪ್ಯೂಟರ್ ತೆರೆದು ಕೂತಳು. ದುಂಡು, ಚೌಕ, ಇಂಥ ಆಕಾರಗಳು ಅದರೊಳಗೆ ತಯಾರಿರುತ್ತವಂತೆ. ಅಕ್ಕನ ಓಣಿಯದು ಯಾವುದಕ್ಕೂ ಸೇರದು. ತಳ ಸಣ್ಣದು, ನಡುವೆ ಹೊಟ್ಟೆ, ಮೇಲೆ ಮನೆಗಳ ಪಾಯದ ಕಲ್ಲು ಒಳಗೆ ಚಾಚಿ ಕುತ್ತಿಗೆ ಹಿಸುಕಿದಂತೆ. ಅಂಥದ್ದಕ್ಕೆ ಆಕಾರವನ್ನು ನಾವೇ ಹೇಳಿಕೊಡಬೇಕು. ಪೂರ್ತಿ ಎತ್ತರವನ್ನು ಒಂದು ಎಂದು ಹಿಡಿದು, ಕಾಲು ಎತ್ತರದಲ್ಲಿ ಅಗಲ ಎಷ್ಟು, ಅರ್ಧದಲ್ಲಿ ಎಷ್ಟು, ಮುಕ್ಕಾಲಿನಲ್ಲಿ ಎಷ್ಟು ಎಂದು ಒಂದೊಂದಾಗಿ ಬರೆಯಬೇಕು. ಬರೆಯುತ್ತ ಹೋದಂತೆ ಪರದೆಯ ಮೇಲೆ ಗೆರೆ ಮೂಡಿ ಗಡಿಗೆಯಂತೆ ಕಂಡಿತು. ಸುಮ್ಮನೆ ಚೌಕ ಎಂದು ಹಾಕಿ ಮುಗಿಸು ಎಂದು ಆಫೀಸಿನವರು ಹೇಳಿದ್ದರಂತೆ. ಇವಳು ಒಪ್ಪಿರಲಿಲ್ಲ. ದೊಡ್ಡವ್ವನ ಮನೆಯ ಗಟಾರ, ಸುಳ್ಳು ಬರೆಯಲಾರೆ ಎಂದಳು.

ಬರೆದದ್ದು ಸುಳ್ಳಲ್ಲ. ಆದರೆ ಅದು ಆ ಒಂದು ದಿನದ ಗಟಾರ. ಕಂಪ್ಯೂಟರಿನ ಮಳೆಯಲ್ಲಿ ಅದು ತಾಳಿತು. ಅಕ್ಕನ ಓಣಿಯನ್ನು ಕೈಬಿಟ್ಟು ಬೇರೆ ಓಣಿಗಳಲ್ಲಿ ಕೆಲಸ ಹಿಡಿದರು.

ಮಳೆಗಾಲ ಬರುವಷ್ಟರಲ್ಲಿ ಹೂಳು ಮತ್ತೆ ತುಂಬಿತ್ತು. ಒಂದು ಮಧ್ಯಾಹ್ನ ನೀರು ಹೊಸ್ತಿಲು ದಾಟಿ, ಅತ್ತೆಯ ಹಾಸಿಗೆಯನ್ನು ನೆನೆಸಿ, ಅವರ ಎದೆಯವರೆಗೆ ಬಂತು. ಅಕ್ಕ ಒಬ್ಬಳೇ ಇದ್ದಳು. ಎತ್ತಲು ಆಗದೆ, ಓಣಿಯವರು ಓಡಿಬರುವ ತನಕ ಆ ಕರಿ ನೀರಿನಲ್ಲೇ ಕೂತು ಅತ್ತೆಯ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದಿದ್ದಳಂತೆ. ಹಗಲಾಗಿತ್ತು, ಜನ ಬಂದರು. ಅದು ದೇವರ ದಯೆ. ಕಲಬುರಗಿಗೆ ತಂದು ದವಾಖಾನೆಯಲ್ಲಿಟ್ಟೆವು. ಎದೆಗೆ ಕಫ ಕಟ್ಟಿತ್ತು, ಉಳಿಯಲಿಲ್ಲ. ಒಣ ಹಾಸಿಗೆಯಲ್ಲಿ, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೋದರು. ಮಣ್ಣು ಕೊಡುವ ದಿನ ಮಳೆ ಬಿಡುವು ಕೊಟ್ಟಿತ್ತು, ಕುಣಿಯಲ್ಲಿ ನೀರು ನಿಂತಿರಲಿಲ್ಲ. ಅದನ್ನೂ ನಾನು ದಯೆಯ ಲೆಕ್ಕಕ್ಕೇ ಹಿಡಿದಿದ್ದೇನೆ.

ದಿವಸದ ಕಾರ್ಯ ಮುಗಿದ ಮೇಲೆ ಮಗಳು, ಮತ್ತೆ ಅಳೆದು ಆಫೀಸಿನವರಿಗೆ ತೋರಿಸುತ್ತೇನೆ, ಕೇಳಿದರೆ ಕೇಳಲಿ ಎಂದು ಟೇಪು ಹಿಡಿದು ಕಮಲಾಪುರಕ್ಕೆ ಹೊರಟಳು. ಅವಳು ಬಂದದ್ದು ನೋಡಿ ನೆರೆಮನೆಯವನು ಹೂಳು ಬಾಚಲು ಸಲಿಕೆ ತಂದ. ಅಕ್ಕ ಒಳಗಿನಿಂದ ಬಂದಳು.

"ಮುಟ್ಟಬ್ಯಾಡ್ರಿ," ಎಂದಳು. "ಹ್ಯಾಂಗದ ಹಾಂಗೇ ಇರ್ಲಿ."

ಸಲಿಕೆ ಗೋಡೆಗೆ ಒರಗಿತು. ಮಗಳು ಪರಸಿ ಸರಿಸಿ ಹೂಳಿಗೆ ಕೋಲು ಇಳಿಸಿ ನೋಡಿದಳು, ಅರ್ಧಕ್ಕಿಂತ ಮೇಲೇ ತುಂಬಿತ್ತು. ಗಡಿಗೆಯ ತಳವೂ ಇಲ್ಲ, ಹೊಟ್ಟೆಯೂ ಇಲ್ಲ, ನೀರಿಗೆ ಉಳಿದದ್ದು ಆ ಹಿಸುಕಿದ ಕುತ್ತಿಗೆಯೊಂದೇ. ಅಗಲ ಅಳೆಯಲು ಟೇಪಿನ ಇನ್ನೊಂದು ತುದಿ ಹಿಡಿಯುವವರು ಬೇಕಿತ್ತು. ಅಕ್ಕ ಸೀರೆ ಎತ್ತಿಕಟ್ಟಿ ಆ ಹೊಲಸಿನೊಳಗೆ ಇಳಿದು, ಆಚೆ ಬದಿಯ ಕಲ್ಲಿಗೆ ತುದಿಯನ್ನು ಒತ್ತಿ ಹಿಡಿದಳು. ಓಣಿಯವರೆಲ್ಲ ನೋಡುತ್ತಿದ್ದರು.

"ಬರ್ಕೊ," ಎಂದಳು ಮಗಳಿಗೆ.