ಗೋಡೆಯ ಮೇಲಿನ ಅಂಗಿಯ ತುಂಡು

ಲೆಂಪಿ ಹೌಟಾಲಳ ಬಾಯಿಗೆ ಹೆದರದವರು ಸುಪೀರಿಯರ್ ಸರೋವರದ ದಡದ ಆ ಊರಲ್ಲಿ ಒಬ್ಬರೂ ಇರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದೇ ಮುದುಕಿಯಾದವಳು. ಹೆಡ್‌ಮಾಸ್ತರರಾದರೂ ಸರಿ, ತಟ್ಟೆಯಲ್ಲಿ ಊಟ ಬಿಟ್ಟರೆ ನಿಲ್ಲಿಸಿ ತಿನ್ನಿಸುತ್ತಿದ್ದಳು. ಗಂಡ ಆರ್ವೊ ತೀರಿಕೊಂಡ ಮೇಲೆ ಅವನ ಕೋವಿ ಹೆಗಲಿಗೇರಿಸಿ ನವೆಂಬರಿನಲ್ಲಿ ಸೀದಾ ಬೇಟೆ ಕ್ಯಾಂಪಿಗೆ ಬಂದಿಳಿದಾಗ ಗಂಡಸರು ಮುಖ ಮುಖ ನೋಡಿಕೊಂಡರು. ಬೇಡ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಮೈದುನ ಒನ್ನಿ ಮಾತ್ರ ಹೊಂಚು ಹಾಕಿ ಕೂತ. ಕ್ಯಾಂಪಿನಲ್ಲಿ ಹಳೆಯ ಕಟ್ಟಳೆಯೊಂದಿತ್ತು: ಸತತ ಮೂರು ವರ್ಷ ಅಂಗಳದ ತೊಲೆಗೆ ಜಿಂಕೆ ತೂಗುಹಾಕದವರು ಬೇಟೆಗೆ ಕಾದು ಕೂರುವ ತಮ್ಮ ಅಟ್ಟಣೆ ಬಿಟ್ಟುಕೊಡಬೇಕು. ಲೆಂಪಿ ಎರಡು ವರ್ಷ ಬರಿಗೈಲಿ ಮರಳಿದ್ದಳು. ಜೌಗುಕಾಡಿನ ಅಂಚಿನ ಆ ಅಟ್ಟಣೆಯನ್ನು ಆರ್ವೊ ಕೈಯಾರೆ ಕಟ್ಟಿದ್ದ. ಕೊನೆಯ ಕಾಯಿಲೆಯಲ್ಲೂ ಏದುಸಿರು ಬಿಡುತ್ತ ಹೋಗಿ ಮೆಟ್ಟಿಲಿಗೆ ಹೊಸ ಹಲಗೆ ಹೊಡೆದು ಬಂದಿದ್ದ. ಗಂಡನ ಗೋರಿಯ ಹತ್ತಿರ ಲೆಂಪಿಗೆ ಅಳು ಬರುತ್ತಿರಲಿಲ್ಲ. ಅಟ್ಟಣೆಯ ಮೇಲೆ ಕೂತಾಗ ಬರುತ್ತಿತ್ತು.

"ಈ ಸಲವೂ ಖಾಲಿ ಹೋದ್ರೆ ಆ ಜಾಗ ನನ್ನ ಮಗನಿಗೆ, ಅತ್ತಿಗೆ. ಕಟ್ಟಳೆ ಅಂದ್ರೆ ಕಟ್ಟಳೆ," ಎಂದ ಒನ್ನಿ, ಮೂರನೆಯ ವರ್ಷದ ಬೇಟೆಯ ಮೊದಲ ದಿನವೇ.

"ನಿಮ್ಮಣ್ಣ ಇದ್ದಾಗ ಈ ಮಾತಾಡಿದ್ರೆ ಹಲ್ಲು ಉದುರಿ ಕೈಗೆ ಬರ್ತಿದ್ವು," ಎಂದಳು ಲೆಂಪಿ.

ಆ ವರ್ಷದ ಹವೆಯೂ ಅವಳ ಮೇಲೆ ಹಗೆ ಸಾಧಿಸಿತು. ಮೊದಲು ಜಡಿಮಳೆ. ಆಮೇಲೆ ಮಂಜು, ಕೋವಿಯ ತುದಿಯೇ ಕಾಣದಂಥ ಹಾಳು ಮಂಜು. ಅದು ತೊಲಗಿತು ಅನ್ನುವಾಗ ಸರೋವರದ ಕಡೆಯಿಂದ ಬಿರುಗಾಳಿ ಎದ್ದು ಹಿಮ ಸುರಿಯತೊಡಗಿತು. ಜಿಂಕೆಗಳು ಜೌಗಿನೊಳಗೆ ಅವಿತು ಕೂತವು. ತೊಲೆ ಬೋಳಾಗಿ ನಿಂತಿತ್ತು. ಒಳಗೆ ಗಂಡಸರು ಸೌದೆ ತರುವ ಸರದಿಗೂ, ಒಲೆಯ ಮೇಲೆ ನಾರುವ ಕಾಲುಚೀಲಕ್ಕೂ ಜಗಳ ಕಾಯುತ್ತಿದ್ದರು.

ಬೇಟೆ ಮುಗಿಯುವ ಹಿಂದಿನ ಸಂಜೆ ಒನ್ನಿ ಹಿಮ ಕೊಡವಿಕೊಂಡು ಒಳಗೆ ಬಂದ.

"ಈಡು ತಪ್ಪಿತು ಕಣ್ರೋ. ಒಂಟಿ ಕೊಂಬಿನ ದೊಡ್ಡ ಗಂಡು. ಅದರ ಕೂದಲೂ ಕೊಂಕಲಿಲ್ಲ!"

ಈಡು ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಅಲ್ಲಿಯ ರೂಢಿ. ಕತ್ತರಿ ಇರುವುದು ಎಲ್ಲರಿಗಿಂತ ಹಿರಿಯ ಸುಲೊನ ಕೈಯಲ್ಲಿ.

"ಹಿಮದ ಮೇಲೆ ರಕ್ತಗಿಕ್ತ ನೋಡಿದ್ಯಾ?" ಸುಲೊ ಕೇಳಿದ.

"ನೋಡದೆ ಬರ್ತೀನಾ ಅಜ್ಜ? ಒಂದು ತೊಟ್ಟೂ ಇಲ್ಲ."

ಕಚಕ್ಕನೆ ಕತ್ತರಿ ಆಡಿತು. ಎಲ್ಲರೂ ಹೋ ಎಂದು ನಕ್ಕರು. "ಬೆನ್ನಿಗೆ ಚಳಿ ಹೊಡೆದೀತು ಮೈದುನ, ಒಲೆಗೆ ಬೆನ್ನು ಕೊಟ್ಟು ಕೂತ್ಕೊ," ಎಂದಳು ಲೆಂಪಿ. ಅವನು ಹಾಗೆಯೇ ಕೂತು ಇಸ್ಪೀಟು ಹಂಚಿದ.

ಮರುದಿನ, ಕೊನೆಯ ದಿನ, ಲೆಂಪಿ ಅಟ್ಟಣೆ ಹತ್ತಲಿಲ್ಲ. ಜಿಂಕೆ ಬರದಿದ್ದರೆ ತಾನೇ ಹೋಗುವುದೆಂದು ಮೊಣಕಾಲುದ್ದ ಹಿಮದಲ್ಲಿ ಜೌಗಿನೊಳಕ್ಕೆ ನುಗ್ಗಿದಳು. ಉರುಳಿದ ಮರವೊಂದರ ಬುಡದಲ್ಲಿ ಹಿಮದ ಗುಡ್ಡೆ ಅಲುಗಿತು. ಅದರೊಳಗಿಂದ ಒಂಟಿ ಕೊಂಬಿನ ತಲೆ ಎದ್ದಿತು. ಹಿಂಗಾಲಿನ ಎಲುಬು ಪುಡಿಯಾಗಿ ಕಾಲು ಬರೀ ಚರ್ಮದಲ್ಲಿ ಜೋತಾಡುತ್ತಿತ್ತು. ಸೋರಿದ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ರಾತ್ರಿಯಿಡೀ ತೆವಳಿದ ಪ್ರಾಣಿ ಮುಂಗಾಲೂರಿ ಏಳಲು ನೋಡಿತು, ಆಗಲಿಲ್ಲ.

ಈಡು ತಪ್ಪಿದರೆ ಆ ಕಾಡಿನಲ್ಲಿ ನಗುತ್ತಾರೆ, ಅಷ್ಟೇ. ಗಾಯಗೊಂಡದ್ದನ್ನು ಬಿಟ್ಟು ಬೆಂಕಿ ಕಾಯಿಸಿಕೊಳ್ಳಲು ಬಂದವನನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ.

"ಕೂದಲೂ ಕೊಂಕಲಿಲ್ಲವಂತೆ! ಥೂ ಮೈದುನ, ನಿನ್ನ ಜನ್ಮಕ್ಕಿಷ್ಟು!" ಎಂದು ಉಗಿದು, ಒಂದೇ ಈಡಿಗೆ ಅದರ ನೋವು ಮುಗಿಸಿದಳು. ಬೇಟೆ ತನ್ನದೆಂದು ಸಾರುವ ಪರವಾನಗಿ ಚೀಟಿಯನ್ನು ಕೊಂಬಿಗೆ ಕಟ್ಟಿ, ಹಗ್ಗ ಬಿಗಿದು, ಬಿದ್ದು ಎದ್ದು ಕ್ಯಾಂಪಿನವರೆಗೂ ಒಬ್ಬಳೇ ಎಳೆದು ತಂದಳು.

ತೊಲೆಯ ಕೆಳಗೆ ಎಲ್ಲರೂ ನೆರೆದರು. ಒಂಟಿ ಕೊಂಬು ಕಂಡದ್ದೇ ಒನ್ನಿಗೆ ತಡೆಯಲಾಗಲಿಲ್ಲ.

"ಅದು ನನ್ನದು! ಮೊದಲ ಗುಂಡು ಯಾರದೋ, ಜಿಂಕೆ ಅವರದ್ದು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಹೌದಾ ಮೈದುನ? ಹಾಗಾದ್ರೆ ಗುಂಡು ತಗುಲಿತ್ತು ಅನ್ನು," ಎಂದಳು ಲೆಂಪಿ. "ತಗುಲಿದ್ದನ್ನ ನರಳೋಕೆ ಬಿಟ್ಟು ಬಂದು ಇಸ್ಪೀಟಾಡ್ದೆ ಅನ್ನು. ಇಷ್ಟು ಹೇಳು, ಜಿಂಕೆ ನೀನೇ ಇಟ್ಕೊ."

ಸುಲೊ ಬಗ್ಗಿ ಆ ಹಿಂಗಾಲನ್ನು ಮುಟ್ಟಿ ನೋಡುತ್ತಿದ್ದ.

"ತಪ್ಪಿತ್ತು," ಎಂದ ಒನ್ನಿ, ನೆಲ ನೋಡುತ್ತ.

"ಜೋರಾಗಿ ಹೇಳು. ಗಾಳಿಗೆ ಕೇಳಿಸ್ಲಿಲ್ಲ."

"ನನ್ನ ಈಡು ತಪ್ಪಿತ್ತು ಅಂದೆನಲ್ಲ!"

ಜಿಂಕೆ ಲೆಂಪಿಯ ಹೆಸರಲ್ಲಿ ತೊಲೆಗೇರಿತು. ಆರ್ವೊನ ಅಟ್ಟಣೆ ಅವಳಿಗೇ ಉಳಿಯಿತು.

ಊಟಕ್ಕೆ ಅವಳೇ ಆ ಜಿಂಕೆಯ ಲಿವರನ್ನು ಈರುಳ್ಳಿಯೊಂದಿಗೆ ಹುರಿದು ಬಡಿಸಿದಳು. ಸುಲೊ ಎದ್ದು ಹೋಗಿ ಗೋಡೆಯ ಮೊಳೆ ಕಿತ್ತ. ಒನ್ನಿಯ ಅಂಗಿಯ ತುಂಡನ್ನು ತಂದು ಅವನ ತಟ್ಟೆಯ ಪಕ್ಕ ಇಟ್ಟ.

"ಮನೆಗೆ ಹೋಗಿ ಹೊಲಿಸ್ಕೊ," ಎಂದ. "ಈ ಗೋಡೆ ಈಡು ತಪ್ಪಿದವರಿಗೆ ಮಾತ್ರ."

ಒನ್ನಿ ತಟ್ಟೆ ಸರಿಸಿ ಏಳಹೊರಟ. ಸೌಟು ಹಿಡಿದ ಲೆಂಪಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕೂತು ತಿನ್ನು ಮೈದುನ. ನನ್ನ ಮುಂದೆ ಯಾರೂ ತಟ್ಟೆಯಲ್ಲಿ ಬಿಡೋ ಹಾಗಿಲ್ಲ."