ಎರಡು ಬಾಯಿಯ ಹುಳುವಿನ ಹೆಸರು

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯಾದ ವರ್ಷದ ಚಳಿಗಾಲ. ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸಂತಪುರದ ಆಚೆಯ ಒಂದು ಹಳ್ಳಿಯ ಕೆರೆ ದಂಡೆಯಲ್ಲಿ ಬೀದರಿನ ಪಶುವೈದ್ಯನಾದ ನಾನು, ಕುರಿಗಾರ ಬೀರಪ್ಪ ಮತ್ತು ಊರಿನ ಹತ್ತಾರು ಜನ ಸೇರಿದ್ದೆವು. ತುಸು ದೂರದಲ್ಲಿ, ಗಂಟು ಹೇರಿದ ಗಾಡಿಯ ಮೇಲೆ ಕೆರೆ ಕಾವಲಿನ ಇಮಾಮಸಾಬ ಕುಳಿತಿದ್ದ. ಬೀರಪ್ಪನ ಕುರಿಗಳು ಒಂದೊಂದಾಗಿ ಸಾಯುತ್ತಿದ್ದವು. ನೀರಿಗೆ ವಿಷ ಹಾಕಿದವನು ಇಮಾಮಸಾಬನೇ ಎಂದು ಊರು ತೀರ್ಮಾನಿಸಿತ್ತು. ಆ ದಿನಗಳಲ್ಲಿ ಒಬ್ಬ ಮುಸಲ್ಮಾನನನ್ನು ಊರು ಬಿಡಿಸಲು ಅಷ್ಟು ಮಾತು ಸಾಕಾಗಿತ್ತು.

ಸತ್ತ ಕುರಿಯ ಹೊಟ್ಟೆಯನ್ನು ಎಲ್ಲರೆದುರು ಕೊಯ್ದೆ. ಒಳಗೋಡೆಗೆ ದಾಳಿಂಬೆ ಕಾಳಿನಂಥ ಕೆಂಪು ಮಣಿಗಳು ಕಿಕ್ಕಿರಿದು ಅಂಟಿದ್ದವು.

“ಇವೇನು?” ಎಂದೆ.

“ಹೊಟ್ಟಿ ಕಾಳ್ರಿ. ಎಲ್ಲಾ ಕುರಿಗೂ ಇರ್ತಾವ. ಮುತ್ಯಾನ ಕಾಲದಿಂದ ನೋಡೀವಿ. ನೀವು ವಿಷ ಹುಡುಕ್ರಿ,” ಎಂದ ಬೀರಪ್ಪ.

ಒಂದು ಕಾಳನ್ನು ಬಿಡಿಸಿ ಉಗುರುಬೆಚ್ಚಗಿನ ಉಪ್ಪುನೀರಿಗೆ ಬಿಟ್ಟೆ. ಅದು ಮೈ ಚಾಚಿ ಹೊರಳಿತು. ಕೆರೆಯಂಚಿನ ಬಸವನಹುಳುವಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ದಾಟುವ ಹುಳು ಇದು, ಇದರ ಮರಿಗಳೇ ಕರುಳು ಕೊರೆದು ಕೊಲ್ಲುತ್ತವೆ ಎಂದು ತಿಳಿಸಿದೆ.

“ಇದಕ್ಕ ಹೆಸರೇನ್ರಿ? ಹೆಸರಿಲ್ಲಂದ್ರ ನೀವೇ ಹುಟ್ಟಿಸಿದ್ದು ಅಂತೇನಿ,” ಎಂದ ಬೀರಪ್ಪ.

“ಪ್ಯಾರಾಂಫಿಸ್ಟೋಮಂ.”

ರೋಗದ ಹೆಸರನ್ನು ಪ್ರಾಣಿಯ ಒಡೆಯನಿಗೆ ಬಿಡಿಸಿ ಹೇಳದೆ ಔಷಧಿ ಪೆಟ್ಟಿಗೆ ತೆರೆಯಬಾರದು ಎಂಬುದು ನನ್ನ ಗುರುಗಳ ಕಟ್ಟಪ್ಪಣೆ. ಮೊಣಕಾಲ ಮೇಲೆ ತಾಳ ಹಾಕುತ್ತ ಬಿಡಿಸಿದೆ: ಪ್ಯಾ-ರಾಂ-ಫಿ-ಸ್ಟೋ-ಮಂ. ಗ್ರೀಕಿನಲ್ಲಿ ‘ಪಾರಾ’ ಎಂದರೆ ಪಕ್ಕ, ‘ಆಂಫಿ’ ಎಂದರೆ ಎರಡೂ ಕಡೆ, ‘ಸ್ಟೋಮಾ’ ಎಂದರೆ ಬಾಯಿ. ಮುಂದಿನದು ತಿನ್ನುವ ಬಾಯಿ. ಹಿಂದಿನದು ಬಾಯಿಯಂತೆಯೇ ಕಾಣುವ, ಅಂಟಿ ಹಿಡಿಯುವ ಬಟ್ಟಲು. ಬೀರಪ್ಪ ಲೆನ್ಸಿನಲ್ಲಿ ಎರಡೂ ತುದಿ ನೋಡಿದ. ಬಹಳ ಹೊತ್ತು ನೋಡಿದ.

“ಪ್ಯಾ-ರಾಂ-ಸ್ಟೋ…” ನಾಲಿಗೆ ತೊಡರಿತು. ಯಾರೋ ನಕ್ಕರು.

“ನಡುವಿನ ಫಿ ನುಂಗಿದಿ ನೋಡು, ಬೀರ್ಯಾ,” ಗಾಡಿಯ ಮೇಲಿನಿಂದ ಇಮಾಮಸಾಬ ಮೆಲ್ಲಗೆ ಹೇಳಿದ. “ನಾವಿಬ್ರೂ ಕೂಡಿ ಕಲಿತ ಸಾಲಿಯಾಗೂ ನಿಂದು ಇದೇ ಚಾಳಿ.”

ಬೀರಪ್ಪ ಲೆನ್ಸು ನನ್ನ ಕೈಗಿಟ್ಟು, ಗಾಡಿಯ ಬಳಿ ಹೋಗಿ ಗಂಟು ಇಳಿಸಲು ಕೈ ಹಾಕಿದ.

“ಇಳಿ, ಸಾಬಾ. ಕುರಿಗಿ ಬಾವಿ ನೀರು ಸೇದಬೇಕಾಗ್ಯದ. ನನ್ನೊಬ್ಬನ ಕೈಲಿ ಆಗಂಗಿಲ್ಲ.”

ರೋಗವನ್ನು ಜನರ ಕಣ್ಣಿಗೆ ತೋರಿಸಿದರೆ ಸಾಲದು, ಅದರ ಹೆಸರನ್ನು ಅವರ ಬಾಯಿಗೂ ಕೊಡಬೇಕು ಎಂದು ಅಂದು ಕಲಿತೆ.

ಕಳೇಬರವನ್ನು ಸುಣ್ಣ ಹಾಕಿ ಹೂಳಿಸಿದೆ. ಕೆರೆಯಂಚಿಗೆ ಮುಳ್ಳು ಕಟ್ಟಿಸಿದೆ. ಉಳಿದ ಕುರಿಗಳಿಗೆ ಔಷಧಿ ಕುಡಿಸಿದೆ. ಬಾವಿಯ ಬಳಿ ಬೀರಪ್ಪ, ಇಮಾಮಸಾಬ ಇಬ್ಬರೂ ಒಂದೇ ಹಗ್ಗ ಎಳೆಯುತ್ತಿದ್ದರು. ಸಂಜೆ ಕೊನೆಯ ಕುರಿ ನೀರಿನಿಂದ ಮುಖ ಎತ್ತಿದ ಮೇಲೆ ಪೆಟ್ಟಿಗೆ ಮುಚ್ಚಿದೆ.